ಅಣಬೆ ಛೆ

ಗುಜರಾತಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಮೊದಲು ಅನ್ನಿಸುವುದು, ಈ ಜನಕ್ಕೆ ಬದುಕಿನಲ್ಲಿ ಏನೋ ಬಹಳ ಬೇಸರವಾಗಿದೆ ಎಂದು. ಪ್ರತಿ ಮಾತಿನ ಕೊನೆಗೂ ‘ಛೆ’ ಎನ್ನುತ್ತಾರೆ. ಹಾಲು ಬಂದಿದೆ, ಛೆ. ಮಗಳಿಗೆ ಗಂಡು ಗೊತ್ತಾಗಿದೆ, ಛೆ. ಅದು ಬೇಸರವಲ್ಲ, ನಮ್ಮ ‘ಇದೆ’ಯೇ ಅವರ ‘ಛೆ’ ಎಂದು ನನಗೆ ತಿಳಿಯುವ ಹೊತ್ತಿಗೆ ಮಣಿನಗರ ಸ್ಟೇಷನ್ನಿನ ಟಿಕೆಟ್ ಗುಮಾಸ್ತರಿಗೆ ನಾನು ಎರಡು ಸಲ ಸಮಾಧಾನ ಹೇಳಿಯಾಗಿತ್ತು.

ನಾನು ತಂತಿ ಕಚೇರಿಯವನು. ಬಂದ ಮಾತನ್ನು ಒಂದಕ್ಷರ ಬಿಡದೆ, ಅರ್ಥದ ಗೋಜಿಗೆ ಹೋಗದೆ, ಮುಂದಕ್ಕೆ ದಾಟಿಸುವುದು ನನ್ನ ಕಸುಬು. ‘ತಾತ ತೀರಿಕೊಂಡರು’ ಎಂದರೂ ಒಂದೇ, ‘ಹತ್ತಿ ಕಳಿಸಿ’ ಎಂದರೂ ಒಂದೇ. ನನ್ನ ಬೆರಳಿಗೆ ಎರಡೂ ಕಟ್ಟು ಕಡ ಕಟ್ಟು. ಈ ಗುಣದಿಂದ ಕಚೇರಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಇದೇ ಗುಣದಿಂದ ಹೋದ ಶ್ರಾವಣದಲ್ಲಿ ಕಮಲಕ್ಕನ ಮನೆ ಕೈಬಿಟ್ಟು ಹೋಗುವುದರಲ್ಲಿತ್ತು. ಹೇಳಬೇಕೆಂದು ಹೊರಟಿರುವುದು ಕಮಲಕ್ಕನ ವಿಷಯ. ನಾನು ನಡುವೆ ಬರುವುದು, ಒಳ್ಳೆಯ ಊಟದಲ್ಲಿ ಕಲ್ಲು ಬರುವಷ್ಟೇ.

ಕಮಲಾಕ್ಷಿ ಎಂಬುದು ಅವರ ಪೂರ್ತಿ ಹೆಸರು. ಸಕಲೇಶಪುರದ ಕಡೆಯವರು. ಗಂಡ ಗುಂಡಪ್ಪನವರು ಸೈನ್ಯದಲ್ಲಿ ಸಿಗ್ನಲ್ ವಿಭಾಗದಲ್ಲಿದ್ದು, ಬಿಟ್ಟ ಮೇಲೆ ನಮ್ಮ ಇಲಾಖೆಯಲ್ಲೇ ಮೆಕ್ಯಾನಿಕ್ ಆಗಿ ಅಹಮದಾಬಾದಿಗೆ ಬಂದವರು. ಗುಂಡಪ್ಪನವರು ದಿನವಿಡೀ ಆಡುವ ಮಾತು ಒಂದು ತಂತಿಗೂ ಸಾಲದು. ಕಮಲಕ್ಕನ ಮಾತು ಅಂಚೆಯ ಚೀಲಕ್ಕೂ ಹಿಡಿಸದು. ಎತ್ತರದ ಆಳು, ಗಟ್ಟಿ ದನಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತ, ಹೊಲಿಯುತ್ತಲೇ ಹೊರಗಿನವರ ಜೊತೆ ಮಾತಾಡುತ್ತ, ಮಾತಾಡುತ್ತಲೇ ಒಳಗಿನ ಒಲೆಯ ಮೇಲೆ ಒಂದು ಕಣ್ಣಿಡುತ್ತ ಇರುವವರು. ಅವರ ಗುಜರಾತಿಗೆ ಇದ್ದದ್ದು ಒಂದೇ ಸೂತ್ರ: ಕನ್ನಡದ ಕೊನೆಗೆ ಒಂದು ಛೆ.

“ಏ ಭಾಯ್, ಈ ಬದನೆಕಾಯಿ ಹುಳ ಛೆ” ಎನ್ನುತ್ತಿದ್ದರು. ತರಕಾರಿ ಗಾಡಿಯವನು ಕಾಯಿಯನ್ನು ತಿರುಗಿಸಿ ನೋಡಿ, ಹೌದಲ್ಲ ಎಂದು ತೆಗೆದು ಬೇರೆಯದನ್ನು ಹಾಕುತ್ತಿದ್ದ. ನಾನೋ ವ್ಯಾಕರಣದ ಪುಸ್ತಕ ಕೊಂಡು, ಲಿಂಗ ವಚನ ವಿಭಕ್ತಿಗಳನ್ನು ಬಾಯಿಪಾಠ ಮಾಡಿ ಕಲಿತವನು. ನಾನು ತಪ್ಪಿಲ್ಲದ ಗುಜರಾತಿಯಲ್ಲಿ ಬದನೆಕಾಯಿ ಕೇಳಿದರೆ, ಕಮಲಕ್ಕ ಬೇಡವೆಂದು ಬಿಟ್ಟುಹೋದ ಆ ಹುಳದ ಕಾಯಿ ನನ್ನ ಚೀಲಕ್ಕೆ ಬೀಳುತ್ತಿತ್ತು.

ನಾವು ಇದ್ದದ್ದು ಜಡಾವ್ ಬಾ ಅವರ ವಠಾರದಲ್ಲಿ. ನಾನು ಮೂಲೆಯ ಒಂಟಿ ಕೋಣೆಯಲ್ಲಿ, ಕಮಲಕ್ಕ ಬಾಗಿಲಲ್ಲೇ ನಲ್ಲಿಯಿದ್ದ ಎರಡು ಕೋಣೆಯಲ್ಲಿ. ‘ಬಾ’ ಎಂದರೆ ಇಲ್ಲಿ ಅಮ್ಮ. ಬಿಳಿ ಸೀರೆಯ, ಸಣ್ಣ ಮೈಯ ಮುದುಕಿ. ತಮ್ಮ ಜಗಲಿಯ ಉಯ್ಯಾಲೆ ಮಣೆಯ ಮೇಲೆ ಕುಳಿತು ಕಾಲಲ್ಲಿ ನೆಲ ಮೀಟುತ್ತ ಇಡೀ ವಠಾರವನ್ನು ಆಳುತ್ತಿದ್ದರು. ಅಪ್ಪಟ ವೈಷ್ಣವರು. ಉಳಿದ ವಿಷಯಗಳಲ್ಲಿ ಉದಾರಿ, ಒಂದು ವಿಷಯದಲ್ಲಿ ಮಾತ್ರ ಕಬ್ಬಿಣ: ಮಾಂಸ ಮೀನು ಮೊಟ್ಟೆ ಅವರ ಮನೆಗಳ ಹೊಸ್ತಿಲು ದಾಟಕೂಡದು.

ಕಮಲಕ್ಕ ಆ ಹೊಸ್ತಿಲನ್ನು ಕೈಯಲ್ಲಿ ಮುಟ್ಟಿ ಒಪ್ಪಿಕೊಂಡು ಒಳಗೆ ಬಂದಿದ್ದರು. ಮೀನು ಬಿಡುವುದು ಅವರ ಕಡೆಯವರಿಗೆ ಸಣ್ಣ ಮಾತಲ್ಲ. ಆದರೆ ಅದಕ್ಕೆ ಮೊದಲು ಅವರು ಮೂರು ಮನೆ ಕಂಡಿದ್ದರು. ಒಂದರಿಂದ ‘ಮದ್ರಾಸಿ’ ಎಂದು ಬಿಡಿಸಿದರು. ಇನ್ನೊಂದರಲ್ಲಿ ಮಜ್ಜಿಗೆ ಮೆಣಸಿನಕಾಯಿ ಕರಿದ ಘಾಟಿಗೆ ಒಣಮೀನು ಎಂಬ ಹೆಸರು ಬಂತು. ಒಣಮೀನನ್ನು ಹುಟ್ಟಿದಾರಭ್ಯ ಮೂಸದ ಮನೆಯೊಡೆಯರೇ ಆ ತೀರ್ಪು ಕೊಟ್ಟರು. ಮೂರನೆಯದರಲ್ಲಿ ಕಾರಣ ಹೇಳುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಪ್ರತಿ ಸಲವೂ ಹೊಲಿಗೆ ಯಂತ್ರ ಕೈಗಾಡಿ ಹತ್ತಿದಾಗ ರವಿಕೆಯ ಗಿರಾಕಿಗಳು ಹಿಂದೆ ಉಳಿದರು. ಜಡಾವ್ ಬಾ ಮನೆಗೆ ಬಂದ ದಿನ ಕಮಲಕ್ಕ ಗಂಡನಿಗೆ ಹೇಳಿದ್ದರಂತೆ, “ಇನ್ನು ನಾನು ಪಾತ್ರೆ ಕಟ್ಟೋಳಲ್ಲ. ಟ್ರಾನ್ಸ್‌ಫರ್ ಬಂದ್ರೆ ನೀವು ಹೋಗಿ, ನಾನು ಇಲ್ಲೇ.” ಗುಂಡಪ್ಪನವರು ಎಂದಿನಂತೆ ಹೂಂ ಅಂದಿದ್ದರು.

ವಠಾರದ ಅಂಗಳದ ನಡುವೆ ಒಂದು ಮಾವಿನ ದಿಮ್ಮಿ ಬಿದ್ದಿತ್ತು. ಬಾ ಅವರ ತೀರಿಕೊಂಡ ಯಜಮಾನರು ನೆಟ್ಟ ಮರ. ಒಂದು ಬಿರುಗಾಳಿಯಲ್ಲಿ ಉರುಳಿತ್ತು. ಸೌದೆ ಅಂಗಡಿಯವರು ಬಂದು ಕೇಳಿದರೆ ಬಾ ಉಯ್ಯಾಲೆ ನಿಲ್ಲಿಸಿ ಅವರನ್ನು ಸುಮ್ಮನೆ ನೋಡುತ್ತಿದ್ದರು, ಅವರು ಹೊರಟುಹೋಗುತ್ತಿದ್ದರು. ಹಾಗಾಗಿ ದಿಮ್ಮಿ ಅಲ್ಲೇ ಉಳಿದು, ಗಂಡಸರು ಬೀಡಿ ಸೇದುವ, ಹೆಂಗಸರು ಅಕ್ಕಿ ಆರಿಸುವ, ಲಾಲಿಯೊ ಎಂಬ ಕೆಂಚು ಬೀದಿನಾಯಿ ಮಲಗುವ ಜಾಗವಾಗಿತ್ತು.

ಅಹಮದಾಬಾದಿನಲ್ಲಿ ಮಳೆ ಕೈಬಿಚ್ಚುವುದು ಅಪರೂಪ. ಆ ವರ್ಷ ಅದಕ್ಕೆ ಏನು ತೋಚಿತೋ. ಗುಜರಾತ್ ರಾಜ್ಯ ಹುಟ್ಟಿ ನಾಲ್ಕು ವರ್ಷ ಆಯಿತು, ಕೂಸಿಗೆ ನೀರೆರೆಯೋಣ ಅಂದುಕೊಂಡಿತೇನೋ. ಸುರಿಯಿತು. ಒಂದು ಬೆಳಿಗ್ಗೆ ಮಳೆ ಬಿಟ್ಟಾಗ ಕಮಲಕ್ಕ ಅಂಗಳದಿಂದ ನನ್ನನ್ನು ಕೂಗಿ ಕರೆದರು. ದಿಮ್ಮಿಯ ಬುಡದ ಕಡೆ, ತೊಗಟೆ ಮೆತ್ತಗಾಗಿ ಕೊಳೆತಿದ್ದಲ್ಲಿ, ಬಿಳಿಯದೊಂದು ಗೊಂಚಲು ಎದ್ದಿತ್ತು. ಅಂಚಿನಲ್ಲಿ ತುಸು ಬೂದು ಬಣ್ಣ. ದೊಡ್ಡವು ಹಿಂದೆ, ಸಣ್ಣವು ಮುಂದೆ, ಒಂದರ ಭುಜಕ್ಕೆ ಒಂದು ಒತ್ತಿಕೊಂಡು, ಮದುವೆಮನೆಯ ಗ್ರೂಪ್ ಫೋಟೋಗೆ ನಿಂತ ನೆಂಟರ ಹಾಗೆ.

“ನೋಡಪ್ಪ ಅಚ್ಯುತಪ್ಪ, ಯಾರು ಬಂದಿದಾರೆ” ಎಂದರು ಕಮಲಕ್ಕ, ಸ್ಟೇಷನ್ನಿನಲ್ಲಿ ಊರಿನವರನ್ನು ಕಂಡ ದನಿಯಲ್ಲಿ.

ನಾನು ಮೈಸೂರಿನ ಅಗ್ರಹಾರದವನು. “ಅಯ್ಯೋ, ನಾಯಿಕೊಡೆ. ಮುಟ್ಟಬೇಡಿ” ಎಂದೆ.

ಅವರು ಸೆರಗು ಸಿಕ್ಕಿಸಿಕೊಂಡು ಆಗಲೇ ಕೀಳತೊಡಗಿದ್ದರು. ತಿರುಗಿಯೂ ನೋಡದೆ ಹೇಳಿದರು: “ನಾಯಿಕೊಡೆ ಅನ್ನೋರು ತಿನ್ನದೋರು. ತಿನ್ನೋರು ಅಣಬೆ ಅಂತಾರೆ.”

ವಿಷ ಇರಬಹುದಲ್ಲ ಎಂದೆ. ನೆಲದಲ್ಲಿ ಏಳೋದ್ರಲ್ಲಿ ಮೋಸ ಇರುತ್ತೆ, ನನ್ನ ಕಣ್ಣೆದುರಿಗೇ ಮಾವಿನ ಮರದ ಮೇಲೆ ಎದ್ದ ಈ ಜಾತಿಯನ್ನೇ ತಿನ್ನಿಸಿ ನಮ್ಮಮ್ಮ ನನ್ನನ್ನ ಬೆಳೆಸಿದಾಳೆ, ನಾನು ಸತ್ತಿದೀನಾ ಎಂದು ಕೇಳಿದರು. ಅವರು ಸತ್ತಿರಲಿಲ್ಲ. ದೊಡ್ಡವನ್ನಷ್ಟೇ ಕಿತ್ತು, ಸಣ್ಣವು ನಾಳೆಗೆ ಬಲಿಯಲಿ ಎಂದು ಬಿಟ್ಟು ಒಳಗೆ ಹೋದರು.

ತುಸು ಹೊತ್ತಿಗೆ ಈರುಳ್ಳಿ, ಕಾಯಿ, ಹುರಿದ ಮೆಣಸಿನ ವಾಸನೆ ಎದ್ದಿತು. ಅದರ ಕೆಳಗೆ ಇನ್ನೊಂದು ವಾಸನೆ, ಮಣ್ಣಿನದೂ ಅಲ್ಲ ಮಸಾಲೆಯದೂ ಅಲ್ಲ, ಮೂಗಿಗೆ ಪರಿಚಯವಿಲ್ಲದ್ದು. ಶ್ರಾವಣ ಮಾಸ, ಬಾ ಒಪ್ಪೊತ್ತಿನಲ್ಲಿದ್ದವರು. ಹಸಿದ ಮೂಗು ಚುರುಕು. ಉಯ್ಯಾಲೆ ನಿಂತ ಸದ್ದು ನನಗೇ ಕೇಳಿಸಿತು. ಬಾ ಅಂಗಳ ದಾಟಿ ಕಮಲಕ್ಕನ ಬಾಗಿಲಿಗೆ ಬಂದು, ಹೊಸ್ತಿಲ ಹೊರಗೇ ನಿಂತು, ಏನು ಬೇಯಿಸುತ್ತಿದ್ದೀಯೆ ಎಂದು ಕೇಳಿದರು. ಕಮಲಕ್ಕ ಸೌಟು ಹಿಡಿದು ನಗುತ್ತ ಹೊರಬಂದು, “ಅಣಬೆ ಛೆ ಬಾ” ಎಂದರು. ಬಾ ಅವರಿಗೆ ಅರ್ಥವಾಗಲಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು.

ಇಂಥ ಗಳಿಗೆಗಾಗಿಯೇ ನಾನು ವ್ಯಾಕರಣ ಕಲಿತದ್ದು. ಅಣಬೆಗೆ ಗುಜರಾತಿಯಲ್ಲಿ ಏನೆನ್ನುತ್ತಾರೋ ನನ್ನ ಪುಸ್ತಕದಲ್ಲಿ ಇರಲಿಲ್ಲ. ಇರದಿದ್ದರೇನು, ನಾಯಿ ಗೊತ್ತು, ಕೊಡೆ ಗೊತ್ತು, ಷಷ್ಠೀ ವಿಭಕ್ತಿ ಗೊತ್ತು. ಕೊಡೆ ಸ್ತ್ರೀಲಿಂಗವೆಂಬುದನ್ನೂ ನೆನಪಿಟ್ಟು, ತಂತಿ ಬಡಿದಷ್ಟು ಸ್ಪಷ್ಟವಾಗಿ ಹೇಳಿದೆ:

“ಕೂತರಾನೀ ಛತ್ರೀ ಛೆ, ಬಾ.”

ಕೂತರು ಎಂದರೆ ನಾಯಿ. ನನ್ನ ಛತ್ರಿಯವರೆಗೆ ಬಾ ಅವರ ಕಿವಿ ಬರಲೇ ಇಲ್ಲ; ನಾಯಿಯ ಹತ್ತಿರವೇ ನಿಂತುಬಿಟ್ಟಿತು. ಮುದುಕಿಯ ಮುಖ ಸೀರೆಯಷ್ಟು ಬಿಳುಪಾಯಿತು. ನಾಯಿಯೇ ಎಂದು ಮತ್ತೆ ಕೇಳಿದರು. ಗೊಂದಲವಾಗಿದೆ ಎಂದು ನನಗೆ ಹೊಳೆಯಿತು. ಸತ್ತ ಮರದ ಮೇಲೆ ಬೆಳೆದದ್ದು ಎಂದು ಬಿಡಿಸಿ ಹೇಳಲು ಹೊರಟೆ. ಸತ್ತ ಎಂಬ ಪದ ಮೊದಲು ನೆನಪಾಯಿತು, ಹೇಳಿದೆ. ಮರ ಎಂಬುದು ಆಮೇಲೆ ಬಂತು, ಆದರೆ ಅಷ್ಟರಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಷ್ಟೂ ಹೊತ್ತು ಕಮಲಕ್ಕ, ತನ್ನ ಅಡುಗೆಯ ವಿಚಾರಣೆ ನಡೆಯುತ್ತಿದೆಯೆಂಬ ಹಿಗ್ಗಿನಲ್ಲಿ, ನನ್ನ ಪ್ರತಿ ಮಾತಿಗೂ “ಛೆ ಬಾ, ಛೆ, ಛೆ” ಎಂದು ಒಪ್ಪಿಗೆಯ ಮುದ್ರೆ ಒತ್ತುತ್ತಿದ್ದರು.

ಬಾ ಎರಡು ಹೆಜ್ಜೆ ಹಿಂದೆ ಸರಿದು, ದನಿ ಎತ್ತರಿಸದೆ, ಹುಣ್ಣಿಮೆಯೊಳಗೆ ಮನೆ ಖಾಲಿ ಮಾಡು ಎಂದರು.

ಅದನ್ನು ನಾನು ಅನುವಾದಿಸಬೇಕಾಗಲಿಲ್ಲ. ‘ಘರ್ ಖಾಲೀ ಕರೋ’ ಎಂಬಷ್ಟು ಗುಜರಾತಿಯನ್ನು ಮೂರು ಮನೆಗಳು ಕಮಲಕ್ಕನಿಗೆ ಕಲಿಸಿದ್ದವು. ಸೌಟು ಹಿಡಿದ ಕೈ ಕೆಳಗಿಳಿಯಿತು.

ಏನಂದೆ ನೀನು, ಎಂದು ಅವರು ನನ್ನನ್ನು ಕೇಳಿದರು. ಹೇಳಿದೆ. ಅವರು ಹೊಸ್ತಿಲ ಮೇಲೆ ಕೂತು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, “ನಿನ್ನ ಗುಜರಾತಿಗೆ ಬೆಂಕಿ ಹಾಕ” ಎಂದರು. ಆ ಮಾತಿನಲ್ಲಿ ನಗು ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ವಠಾರ ಸುತ್ತಿತ್ತು. ಪಕ್ಕದ ಮನೆಯ ಯಶೋದಾಬೆನ್ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಹಾಗೇ ವಾಪಸು ಒಯ್ದರು. ಇದೆಲ್ಲದರ ಮೇಲೆ, ಬೆಳಿಗ್ಗೆಯಿಂದ ಲಾಲಿಯೊ ಕಾಣುತ್ತಿಲ್ಲ ಎಂಬುದು ಯಾರಿಗೋ ಹೊಳೆಯಿತು. ಗುಂಡಪ್ಪನವರ ಹಿಂದೆಯೇ ಸ್ಟೇಷನ್ನಿಗೆ ಹೋಗಿ ಚಹದಂಗಡಿಯ ಹತ್ತಿರ ಬಿಸ್ಕತ್ತಿಗೆ ಕಾಯುವುದು ಅದರ ದಿನದ ರೂಢಿ. ಅಂದಿನವರೆಗೆ ಅದರ ಹಾಜರಿ ಹಿಡಿದವರು ಯಾರೂ ಇರಲಿಲ್ಲ. ನಾನು ತಪ್ಪು ತಿದ್ದಲು ಬಾ ಅವರ ಜಗಲಿಗೆ ಹೋದೆ. ಬಾ ತಲೆಯ ಮೇಲೆ ನೀರು ಹಾಕಿಕೊಂಡು ದೇವರ ಮುಂದೆ ಕುಳಿತಿದ್ದಾರೆ, ನಿನ್ನ ಬಾಯಿಂದ ಇನ್ನೊಂದು ಪದವೂ ಬೇಡ ಅಂದಿದ್ದಾರೆ ಎಂದು ಯಶೋದಾಬೆನ್ ತಿಳಿಸಿದರು. ತಂತಿ ಇಲಾಖೆಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಸಂಜೆ ಗುಂಡಪ್ಪನವರು ಬಂದರು, ಹಿಂದೆ ಲಾಲಿಯೊ ಕೂಡ ಬಂದಿತು. ನಾಯಿ ಬದುಕಿದೆ ಎಂದ ಮಾತ್ರಕ್ಕೆ ತೀರ್ಪು ಬದಲಾಗಲಿಲ್ಲ. ಇನ್ನೊಂದು ನಾಯಿ ಇರಬಹುದಲ್ಲ. ಗುಂಡಪ್ಪನವರು ಎಲ್ಲ ಕೇಳಿಕೊಂಡು, ಮೀಸೆ ಉಜ್ಜಿ, ಒಂದು ಉಪಾಯ ಹೇಳಿದರು. ಅದು ಬದನೆಕಾಯಿ ಗೊಜ್ಜು, ಈ ಹುಡುಗನಿಗೆ ಭಾಷೆ ಬರಲ್ಲ ಅಂತ ಹೇಳಿಬಿಡು, ಮುಗೀತು. ಅದರಲ್ಲಿ ಎರಡನೆಯ ಭಾಗ ನಿಜವೇ ಆದ್ದರಿಂದ ನಾನು ತಕ್ಷಣ ಒಪ್ಪಿಕೊಂಡೆ.

ಕಮಲಕ್ಕ ಒಪ್ಪಲಿಲ್ಲ. “ಹೊಸ್ತಿಲು ಮುಟ್ಟಿ ಬಂದೋಳು ನಾನು. ಇವತ್ತಿನವರೆಗೆ ಆ ಮಾತು ತಪ್ಪಿಲ್ಲ, ಅಣಬೆ ಮಾಡಿದ್ರಿಂದಲೂ ತಪ್ಪಿಲ್ಲ. ಬದನೆಕಾಯಿ ಅಂದ್ರೆ ತಪ್ಪಿದ ಹಾಗೆ. ಅಲ್ಲದೆ ಇವತ್ತು ಬದನೆಕಾಯಿ ಅಂದು, ಬರೋ ವರ್ಷ ಅಣಬೆ ಮಾಡೋದು ಹೇಗೆ?”

ಬರುವ ವರ್ಷ! ಹುಣ್ಣಿಮೆಗೆ ಮನೆ ಬಿಡಬೇಕಾದವರು ಮುಂದಿನ ಮಳೆಗಾಲದ ಅಡುಗೆ ಯೋಚಿಸುತ್ತಿದ್ದರು. ಗುಂಡಪ್ಪನವರು ನನ್ನ ಕಡೆ ನೋಡಿ ಹೂಂ ಅಂದರು. ಆ ಹೂಂನ ಅರ್ಥ ನನಗೆ ಆಗ ಚೆನ್ನಾಗಿ ತಿಳಿಯಿತು: ಇವಳು ಹೇಳಿದ ಮೇಲೆ ಆಯಿತು.

ಮರುದಿನ ಬೆಳಿಗ್ಗೆ ಕಮಲಕ್ಕ ಸಗಡಿಯನ್ನು, ಅಂದರೆ ಇದ್ದಿಲ ಒಲೆಯನ್ನು, ಕಿವಿ ಹಿಡಿದು ಎತ್ತಿಕೊಂಡು ಹೊರಗೆ ಬಂದರು. ಇಲ್ಲಿ ಹೆಂಗಸರೆಲ್ಲ ಸಗಡಿಯನ್ನು ಹೊರಗೇ ಹೊತ್ತಿಸಿ, ಹೊಗೆ ಅಡಗಿದ ಮೇಲೆ ಒಳಗೊಯ್ಯುತ್ತಾರೆ. ಕಮಲಕ್ಕ ಹೊತ್ತಿಸಿದರು, ಒಳಗೆ ಒಯ್ಯಲಿಲ್ಲ. ಅಂಗಳದ ನಟ್ಟನಡುವೆ, ದಿಮ್ಮಿಯ ಪಕ್ಕದಲ್ಲಿ, ಎಲ್ಲ ಬಾಗಿಲುಗಳೂ ಕಾಣುವಂತೆ ಇಟ್ಟರು. ಹೆಚ್ಚಿದ ಈರುಳ್ಳಿ, ಅರೆದ ಮಸಾಲೆ, ಎಣ್ಣೆ, ಒಂದು ಅಲ್ಯೂಮಿನಿಯಂ ಪಾತ್ರೆ, ಎಲ್ಲವನ್ನೂ ದಿಮ್ಮಿಯ ಮೇಲೆ ಸಾಲಾಗಿ ಜೋಡಿಸಿದರು. ರಾತ್ರಿಯ ಮಳೆಗೆ ನಿನ್ನೆಯ ಸಣ್ಣ ಅಣಬೆಗಳು ಅಂಗೈಯಗಲ ಬಲಿತಿದ್ದವು. ಅವನ್ನು ಮುಟ್ಟಲಿಲ್ಲ. ನನಗೆ ಹತ್ತಿರ ನಿಲ್ಲಲು ಅಪ್ಪಣೆಯಾಯಿತು, ಬಾಯಿ ತೆರೆಯಲು ಆಗಲಿಲ್ಲ.

ಆಮೇಲೆ ಉಯ್ಯಾಲೆಯ ಕಡೆ ತಿರುಗಿ, “ಬಾ, ಬಾ” ಎಂದು ಕರೆದರು. ಮೊದಲನೆಯದು ಗುಜರಾತಿ, ಎರಡನೆಯದು ಕನ್ನಡ. ಬಾ ಅವರಿಗೆ ಅದು ಎರಡು ಸಲ ಅಮ್ಮಾ ಅಮ್ಮಾ ಎಂದ ಹಾಗೆ ಕೇಳಿಸಿರಬೇಕು. ಎದ್ದು ಬಂದರು. ಹಿಂದೆ ಯಶೋದಾಬೆನ್ ಬಂದರು, ಬಾಗಿಲುಗಳೂ ಒಂದೊಂದಾಗಿ ತೆರೆದವು. ಕಮಲಕ್ಕ ಒಂದು ಮಾತೂ ಆಡದೆ ದಿಮ್ಮಿಯ ಬುಡವನ್ನು ಬೆರಳು ಮಾಡಿ ತೋರಿಸಿದರು.

ಬಾ ಬಗ್ಗಿ ನೋಡಿದರು. ಇನ್ನೂ ಬಗ್ಗಿದರು. “ಆ ತೋ ಬಿಲಾಡೀನೊ ಟೋಪ್!” ಎಂದರು.

ಏನಂತೆ, ಎಂದು ಕಮಲಕ್ಕ ನನ್ನನ್ನು ಕೇಳಿದರು. ಇದು ಬೆಕ್ಕಿನ ಟೋಪಿ ಅನ್ನುತ್ತಿದ್ದಾರೆ ಎಂದೆ.

“ಟೋಪಿನಾ? ನಾನ್ಯಾರಿಗೂ ಟೋಪಿ ಹಾಕಿಲ್ಲ ಅಂತ ಹೇಳು” ಎಂದರು ಕಮಲಕ್ಕ. ಆಮೇಲೆ ಅರ್ಥವಾಗಿ ಕಣ್ಣರಳಿಸಿದರು. “ಇಲ್ಲಿ ಬೆಕ್ಕಿನ ಟೋಪಿ, ನಮ್ಮಲ್ಲಿ ನಾಯಿಯ ಕೊಡೆ. ಹಾಗಾದ್ರೆ ಇಲ್ಲೂ ತಿನ್ನೋರಿಲ್ಲ ಅಂತಾಯ್ತು, ಹೆಸರು ಇಟ್ಟಿರೋದು ನೋಡಿದ್ರೇ ಗೊತ್ತಾಗುತ್ತೆ.”

ನಾಯಿ ಎಲ್ಲಿಂದ ಬಂತು ಎಂಬುದನ್ನು ನಾನು ಈಗ ಬಹಳ ಎಚ್ಚರದಿಂದ, ಛತ್ರಿಯನ್ನು ಮೊದಲು ಇಟ್ಟು, ವಿವರಿಸಿದೆ. ಮೊದಲು ನಕ್ಕವರು ಯಶೋದಾಬೆನ್. ಬಾ ನಗಲಿಲ್ಲ, ಆದರೆ ಬಾಯಿಯ ಅಂಚು ಅಲುಗಿತು. ದಿಮ್ಮಿಯ ಆ ಕೊನೆಯಲ್ಲಿ ಮಲಗಿದ್ದ ಲಾಲಿಯೊ, ತನ್ನ ಕೊಲೆಯ ವಿಚಾರಣೆ ಮುಗಿಯಿತೆಂದು ಮಗ್ಗುಲು ಬದಲಿಸಿತು.

ಅಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ. ನನ್ನ ಅಂದಾಜುಗಳ ಯೋಗ್ಯತೆ ನಿಮಗೆ ಈಗಾಗಲೇ ತಿಳಿದಿದೆ. ಬಾ ಗಂಭೀರವಾಗಿ ಹೇಳಿದರು: ನಾಯಿ ಅಂದುಕೊಂಡದ್ದು ನನ್ನ ತಪ್ಪು. ಆದರೆ ಇದೂ ತಿನ್ನುವ ಪದಾರ್ಥವಲ್ಲ. ಕೊಳೆತದ್ದರಲ್ಲಿ ಹುಟ್ಟಿದ್ದು. ಇದು ಕಾಯಿಯಲ್ಲ, ಎಲೆಯಲ್ಲ, ಬೇರಲ್ಲ. ಇಂಥದ್ದು ನನ್ನ ಮನೆಯಲ್ಲಿ ಬೇಯಬೇಕೇ?

ನಾನು ಅಷ್ಟನ್ನೂ ಕನ್ನಡಕ್ಕೆ ತಂದೆ. ಕಮಲಕ್ಕನ ಮನೆ ಇನ್ನೂ ತಕ್ಕಡಿಯಲ್ಲೇ ಇತ್ತು. ಅವರು ಸೆರಗಿನಲ್ಲಿ ಕೈಯೊರೆಸಿ, ದಿಮ್ಮಿಯ ಮೇಲೆ ಅಂಗೈ ಊರಿ, ಉತ್ತರ ಶುರುಮಾಡಿದರು. ಅದು ಅಂಚೆಚೀಲದ ಉತ್ತರ. ಈ ಮರದ ಹಣ್ಣನ್ನು ಬಾ ಎಷ್ಟು ವರ್ಷ ತಿಂದಿರಬೇಕು, ಉಪ್ಪಿನಕಾಯಿ ಹಾಕಿರಬೇಕು, ಯಜಮಾನರು ತಮ್ಮ ಕೈಯಾರೆ ನೀರು ಹೊಯ್ದಿರಬೇಕು. ಮರ ಬಿದ್ದರೂ ಸೌದೆಗೆ ಕೊಡದೆ ಇಟ್ಟುಕೊಂಡವರು ಅವರೇ ಅಲ್ಲವೇ. ಇಟ್ಟುಕೊಂಡದ್ದಕ್ಕೆ ಮರ ಸುಮ್ಮನಿರಲಿಲ್ಲ, ಹಣ್ಣು ಬಿಡುವ ಶಕ್ತಿ ಇಲ್ಲದ್ದಕ್ಕೆ ಇದನ್ನು ಬಿಟ್ಟಿದೆ, ಅದನ್ನು ಕೊಳೆ ಅನ್ನಬಹುದೇ. ಮತ್ತೆ ನಮ್ಮಮ್ಮ ಹೇಳುತ್ತಿದ್ದಳು... ಹೀಗೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟುದ್ದದ ಮಾತನ್ನು ಅಕ್ಷರ ಬಿಡದೆ ದಾಟಿಸುವಷ್ಟು ವ್ಯಾಕರಣ ನನ್ನಲ್ಲಿರಲಿಲ್ಲ. ಇದ್ದಿದ್ದರೆ ಮತ್ತೆ ಅದೇ ಕೆಲಸ ಮಾಡುತ್ತಿದ್ದೆ, ಕಮಲಕ್ಕ ಈ ಹೊತ್ತಿಗೆ ಬೇರೆ ಯಾವುದೋ ಬೀದಿಯಲ್ಲಿರುತ್ತಿದ್ದರು. ಪುಸ್ತಕ ಕೈಕೊಟ್ಟದ್ದರಿಂದ ಕಸುಬು ಮರೆತೆ. ಅಕ್ಷರ ಬಿಟ್ಟು ಅರ್ಥ ಹಿಡಿದು, ನಾಲ್ಕೇ ಪದ ಹೇಳಿದೆ:

“ಬಾ, ಝಾಡ್ ಹಜೀ ಆಪೇ ಛೆ.” ಮರ ಇನ್ನೂ ಕೊಡುತ್ತಿದೆ.

ಬಾ ಕಮಲಕ್ಕನ ಕೈಯ ಪಕ್ಕದಲ್ಲಿ ತಾವೂ ಕೈಯಿಟ್ಟು ತೊಗಟೆ ಸವರಿದರು. ಸೌದೆಯವರನ್ನು ನೋಡುತ್ತಿದ್ದ ಹಾಗೆ ಅಲ್ಲ. ಬೇರೆ ಥರ ನೋಡಿದರು, ಮರವನ್ನು. ಆಮೇಲೆ ಸೆಟೆದು ನಿಂತು ತೀರ್ಪು ಕೊಟ್ಟರು. ಹೊಸ್ತಿಲ ಒಳಗೆ ಬೇಡ. ಇಲ್ಲಿ, ಈ ಮರದ ಹತ್ತಿರ, ಹೊರಗೆ, ಬೇಕಾದರೆ ಮಾಡಿಕೊ. ಪಾತ್ರೆಯೂ ಹೊರಗೇ ಇರಲಿ.

“ಮತ್ತೆ ಪೂನಮ್?” ಎಂದು ಕಮಲಕ್ಕ ನೇರವಾಗಿ ಕೇಳಿದರು. ಹುಣ್ಣಿಮೆಗೆ ಇಲ್ಲಿ ಪೂನಮ್ ಎನ್ನುತ್ತಾರೆ. ಈ ಪದಕ್ಕೂ ಅವರಿಗೆ ನಾನು ಬೇಕಾಗಲಿಲ್ಲ.

ಪೂನಮ್ ದಿನ ನನ್ನ ಮೊಮ್ಮಗಳ ರವಿಕೆ ಸಿದ್ಧವಾಗಿರಬೇಕು, ತೋಳು ಸ್ವಲ್ಪ ಸಡಿಲ ಇರಲಿ, ಎಂದು ಹೇಳಿ ಬಾ ಉಯ್ಯಾಲೆಗೆ ಹಿಂದಿರುಗಿದರು. ಯಶೋದಾಬೆನ್ ಮನೆಗೆ ಹೋಗಿ ನಿನ್ನೆ ಒಯ್ದ ಬಟ್ಟೆಯನ್ನು ಮತ್ತೆ ತಂದರು. ಕಮಲಕ್ಕ ಅದನ್ನು ತೆಗೆದುಕೊಳ್ಳುವ ಮೊದಲು, ಇದು ನಾಯಿ ಮುಟ್ಟಿದ ಕೈ ಛೆ, ನೋಡಿಕೊಳ್ಳಿ ಎಂದು ಚುಚ್ಚದೆ ಬಿಡಲಿಲ್ಲ. ಅನುವಾದ ಮಾಡು ಎಂದು ನನಗೆ ಕಣ್ಣಲ್ಲೇ ಹೇಳಿದರು. ನಾನು ಮಾಡಲಿಲ್ಲ. ನಾನೂ ಕಲಿಯುತ್ತಿದ್ದೆ.

ಆ ದಿನ ಕಮಲಕ್ಕ ಮತ್ತು ಗುಂಡಪ್ಪನವರು ದಿಮ್ಮಿಯ ಮೇಲೆಯೇ ತಟ್ಟೆಯಿಟ್ಟುಕೊಂಡು ಉಂಡರು. ನನಗೂ ಒಂದು ತಟ್ಟೆ ಬಂತು. ನಾನು ತಿಂದೆನೋ ಇಲ್ಲವೋ ಎಂಬುದು ನಮ್ಮ ತಾಯಿ ಓದಬಹುದಾದ ಬರಹದಲ್ಲಿ ಹೇಳುವ ಮಾತಲ್ಲ. ಈಗ ನಾನು ಅದನ್ನು ಅಣಬೆ ಎನ್ನುತ್ತೇನೆ ಎಂದಷ್ಟೇ ಹೇಳಬಲ್ಲೆ.

ಆ ಅಲ್ಯೂಮಿನಿಯಂ ಪಾತ್ರೆ ಈಗಲೂ ಕಮಲಕ್ಕನ ಬಾಗಿಲ ಹೊರಗೆ ಮೊಳೆಯಲ್ಲಿ ತೂಗುತ್ತಿದೆ. ಹೊಲಿಗೆ ಯಂತ್ರ ಕಿಟಕಿಯ ಪಕ್ಕದಿಂದ ಕದಲಿಲ್ಲ. ಗುಂಡಪ್ಪನವರಿಗೆ ನಡುವೆ ವಡೋದರಕ್ಕೆ ವರ್ಗವಾಯಿತು; ಕಮಲಕ್ಕ ಹೇಳಿದ ಮಾತಿನಂತೆ ಅವರೊಬ್ಬರೇ ಹೋದರು, ಶನಿವಾರ ರೈಲಿನಲ್ಲಿ ಬಂದು ಹೂಂ ಅಂದು ಹೋಗುತ್ತಾರೆ.

ಈ ವರ್ಷದ ಮಳೆ ತಡವಾಗಿ ಬಂತು. ಬಂದು ಬಿಟ್ಟ ಮೊದಲ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅಂಗಳದಿಂದ ಕೂಗು ಕೇಳಿಸಿತು. ಕಮಲಕ್ಕನ ದನಿಯಲ್ಲ. ದಿಮ್ಮಿಯ ಹತ್ತಿರ ಬಾ ನಿಂತಿದ್ದರು, ಕಾಲ ಬಳಿ ಬಿಳಿ ಗೊಂಚಲು, ನೆಂಟರೆಲ್ಲ ಮತ್ತೆ ಫೋಟೋಗೆ ಬಂದು ನಿಂತ ಹಾಗೆ.

“ಕಮಳಾ,” ಎಂದು ಅವರು ಕಿಟಕಿಯ ಕಡೆ ಕೂಗುತ್ತಿದ್ದರು, “ಅಣಬೆ ಛೆ. ಅಣಬೆ ಛೆ.”

ತಿನ್ನದವರು ನಾಯಿಕೊಡೆ ಎನ್ನುತ್ತಾರೆ, ಬೆಕ್ಕಿನ ಟೋಪಿ ಎನ್ನುತ್ತಾರೆ. ಅಣಬೆ ಎನ್ನುವವರು ಯಾರು ಎಂಬುದನ್ನು ಕಮಲಕ್ಕನೇ ಹೇಳಿದ್ದರು. ನನಗೆ ಅನುಮಾನ ಬಂದು, ಸಗಡಿಗೆ ಇದ್ದಿಲು ತುಂಬುತ್ತಿದ್ದ ಅವರ ಹತ್ತಿರ ಹೋಗಿ, ಬಾ ಕೂಡ ತಿಂದರೇ ಎಂದು ಮೆಲ್ಲಗೆ ಕೇಳಿದೆ.

“ನೀನು ತಂತಿಯವನು” ಎಂದರು ಕಮಲಕ್ಕ, ಬೆಂಕಿ ಊದುತ್ತ. “ನಿನಗೆ ಹೇಳಿದ್ರೆ ಊರಿಗೆಲ್ಲ ಬಡೀತೀಯ.”